ಒಂದು ಕಾಗೆ, ಮೂವತ್ತು ಟೆಲಿಸ್ಕೋಪು

ಏಪ್ರಿಲ್ 2, ಬುಧವಾರ. ಕ್ರೋಯ್ಡನ್, ಲಂಡನ್

ಇವತ್ತೂ ಐದು ಗಂಟೆಗೇ ಎದ್ದು ಅಡುಗೆಮನೆ ಕಿಟಕಿಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತಿದ್ದರು ನಮ್ಮ ಯಜಮಾನರು. ಸ್ಟೌ ಹತ್ತಿರ ಹೋಗಲು ದಾರಿಯಿಲ್ಲ. "ಶ್... ಅಲ್ಲಾಡ್ಬೇಡ ಕಣೇ, ಗೋಲ್ಡ್‌ಫಿಂಚ್!" ಹಾಲು ಉಕ್ಕಿ ಹೋಯಿತು. ಒರೆಸಲು ಗೋಲ್ಡ್‌ಫಿಂಚೂ ಬರಲಿಲ್ಲ, ಇವರೂ ಬರಲಿಲ್ಲ.

ಹೋದ ವರ್ಷ ಆಫೀಸಿನವರು ಕೈಮುಗಿದು ಮನೆಗೆ ಕಳಿಸಿದಾಗಿನಿಂದ ಹಿಡಿದ ಹಕ್ಕಿ ಹುಚ್ಚು. ಮೂವತ್ತು ವರ್ಷ ಕಂಪ್ಯೂಟರಿನಲ್ಲಿ ಬಗ್ ಹುಡುಕಿದರು. ಈಗ ಬಗ್ ತಿನ್ನುವವರನ್ನು ಹುಡುಕುತ್ತಿದ್ದಾರೆ. ಪಕ್ಕದ ಮನೆಯಾಕೆ ಬಾತ್‌ರೂಮ್ ಕಿಟಕಿಗೆ ಹೊಸ ಬ್ಲೈಂಡ್ ಪರದೆ ಹಾಕಿಸಿದ್ದಾಳೆ. ಬಾಯಿಬಿಟ್ಟು ಏನೂ ಹೇಳಿಲ್ಲ. ಬರೀ ಬ್ಲೈಂಡ್.

ಸಂಜೆ ಸರ್ಜರಿಯಿಂದ (ಇಲ್ಲಿ ಡಾಕ್ಟರರ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ, ನಾನಲ್ಲಿ ರಿಸೆಪ್ಷನಿಸ್ಟ್) ಬಂದು ಶೂ ಬಿಚ್ಚುವಷ್ಟರಲ್ಲಿ ಟಿಕೆಟ್ ಪ್ರಿಂಟ್ ಮಾಡಿ ಕೈಗೆ ಕೊಟ್ಟರು. ಸರ್‌ಪ್ರೈಸ್ ಅಂತೆ. ಈಸ್ಟರ್ ವಾರ, ಲೆಸ್ವೋಸ್, ಗ್ರೀಸಿನ ದ್ವೀಪ. ವಸಂತದಲ್ಲಿ ಆಫ್ರಿಕದಿಂದ ಯೂರೋಪಿಗೆ ಹೊರಟ ಹಕ್ಕಿಗಳೆಲ್ಲ ಅಲ್ಲಿ ಇಳಿದು ಸುಧಾರಿಸಿಕೊಳ್ಳುತ್ತವಂತೆ. ಇವರ ಬರ್ಡಿಂಗ್ ಗುಂಪು ಪೂರ್ತಿ ಹೊರಟಿದೆ.

"ಊರಿನ ಹೆಸರು ಕಲ್ಲೋನಿ ಕಣೇ ಕಲ್ಯಾಣಿ. ನಿನ್ನ ಹೆಸರೇ ಇಟ್ಟಿದಾರೆ, ನೋಡು."

ಮೂವತ್ತೊಂದು ವರ್ಷಕ್ಕೆ ಮೊದಲ ಸರ್‌ಪ್ರೈಸ್. ಖುಷಿಯಾಯಿತು, ಸುಳ್ಳೇಕೆ. ರಾತ್ರಿ ಊಟಕ್ಕೆ ಹಪ್ಪಳ ಕರಿದೆ.

ಏಪ್ರಿಲ್ 3, ಗುರುವಾರ

ಖುಷಿ ಒಂದು ದಿನ ಬಾಳಲಿಲ್ಲ.

ಸರ್ಜರಿಯಲ್ಲಿ ಫೋನ್ ಎತ್ತಿ "ಅಪಾಯಿಂಟ್‌ಮೆಂಟ್ ಇಲ್ಲ, ನಾಳೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ" ಎನ್ನುತ್ತಿದ್ದಾಗ ತಟ್ಟನೆ ನೆನಪಾಯಿತು. ಮನೆಗೆ ಬಂದವಳೇ ಫ್ರಿಜ್ಜಿನ ಬಾಗಿಲಿನ ಪಂಚಾಂಗ ನೋಡಿದೆ. ಚೈತ್ರ ಬಹುಳ ನವಮಿ. ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ. ಅಮ್ಮನ ತಿಥಿ. ಟೂರಿನ ನಟ್ಟನಡುವೆ!

ಅಮ್ಮನಿಗೆ ನಾನೊಬ್ಬಳೇ. ಅಮ್ಮ ಹೋದಾಗ ದೊಡ್ಡಮ್ಮನ ಮಗ ಶಿವಸ್ವಾಮಿ ಅಣ್ಣ ಮೈಸೂರಿನ ಮನೆಯಲ್ಲಿ ಎಲ್ಲರೆದುರು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಹೆಣ್ಮಕ್ಕಳು ಇಟ್ರೆ ಕಾಗೆ ಮುಟ್ಟಲ್ಲ ಕಣೇ ಕಲ್ಯಾಣಿ. ಅದ್ರಲ್ಲೂ ಲಂಡನ್ ಕಾಗೆ! ನಾನಿಲ್ಲೇ ನೋಡ್ಕೋತೀನಿ, ನೀನು ಸುಮ್ನಿರು." ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಮಂತ್ರ ಗೊತ್ತಿಲ್ಲ, ಪುರೋಹಿತರಿಲ್ಲ. ಆದರೂ ಅಂದಿನಿಂದ ಪ್ರತಿವರ್ಷ ಮಡಿಯಲ್ಲಿ ಅಡುಗೆ ಮಾಡಿ ನಮ್ಮ ಹಿತ್ತಿಲ ಗೋಡೆಯ ಮೇಲೆ ಎಲೆ ಹಾಕಿ ಎಡೆ ಇಡುತ್ತೇನೆ. ಇಲ್ಲಿನ ಕಾಗೆಗಳು ಕೌನ್ಸಿಲ್ಲಿನ ಕಸದ ಡಬ್ಬಿ ತಿಂದು ಬೆಳೆದವು, ನಾಚಿಕೆಯಿಲ್ಲ. ಎರಡೇ ನಿಮಿಷಕ್ಕೆ ಬರುತ್ತವೆ. ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತೇನೆ. ಶಿವಸ್ವಾಮಿ ಅಣ್ಣ ಒಂದು ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಾನೆ. ಆ ಚಿತ್ರ ನೋಡಿದ ಮೇಲೆಯೇ ನನಗೆ ಊಟ ಸೇರುವುದು.

ಕಾಗೆ ಮುಟ್ಟದಿದ್ದರೆ ಅಮ್ಮನಿಗೆ ನನ್ನ ಮೇಲೆ ಬೇಜಾರು ಎಂದರ್ಥ. ಇದನ್ನು ನಂಬುತ್ತೇನಾ? ಬಿ.ಎಸ್ಸಿ. ಓದಿದವಳು, ಡಾಕ್ಟರುಗಳ ನಡುವೆ ಕೆಲಸ ಮಾಡುವವಳು. ನಂಬುತ್ತೇನೆ. ವರ್ಷಕ್ಕೊಂದು ದಿನ, ಮಧ್ಯಾಹ್ನದವರೆಗೆ, ಪೂರ್ತಿ ನಂಬುತ್ತೇನೆ.

ಇವರಿಗೆ ಹೇಳಿದೆ. ಮುಖ ಸಣ್ಣದಾಯಿತು. ಟಿಕೆಟ್ ವಾಪಸ್ ಆಗಲ್ಲವಂತೆ. ಆಮೇಲೆ ಆ್ಯಪ್ ತೆಗೆದರು. "ಅಲ್ಲೂ ಕಾಗೆ ಇದೆ ಕಣೇ! ಬೇಕಾದಷ್ಟಿದೆ!"

ಬೃಂದಾಗೆ ಫೋನ್ ಮಾಡಿದೆ. ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. "ಅಮ್ಮಾ, ಜಸ್ಟ್ ಡೂ ಇಟ್ ವೆನ್ ಯೂ ಗೆಟ್ ಬ್ಯಾಕ್. ಅಜ್ಜಿ ವೋಂಟ್ ಮೈಂಡ್."

ಅಜ್ಜಿ ಮೈಂಡ್ ಮಾಡದೆ ಬಿಟ್ಟದ್ದು ಯಾವಾಗ? ಜೀವಮಾನವಿಡೀ ಅದೇ ಕೆಲಸ ಅಮ್ಮನಿಗೆ.

ಏಪ್ರಿಲ್ 18, ಶುಕ್ರವಾರ

ಸೂಟ್‌ಕೇಸ್ ಯುದ್ಧ. ಇವರ ಟೆಲಿಸ್ಕೋಪಿನ ಟ್ರೈಪಾಡ್ ಅಥವಾ ನನ್ನ ಪುಟ್ಟ ರೈಸ್ ಕುಕ್ಕರ್. ಎರಡೂ ಸೇರಿದರೆ ತೂಕ ಹೆಚ್ಚು.

"ಟೆಲಿಸ್ಕೋಪು ಇಲ್ದೆ ನಾನಲ್ಲಿ ಏನ್ ಮಾಡ್ಲಿ?"

"ಅನ್ನ ಇಲ್ದೆ ನಮ್ಮಮ್ಮ ಏನ್ ಮಾಡ್ಲಿ?"

ಕುಕ್ಕರ್ ಗೆದ್ದಿತು. ಟ್ರೈಪಾಡನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರಂತೆ, ಗದೆ ಹೊತ್ತ ಭೀಮನ ಹಾಗೆ. ಟೂಟಿಂಗ್‌ನ ಇಂಡಿಯನ್ ಅಂಗಡಿಗೆ ಹೋಗಿ ಬಾಳೆ ಎಲೆ ತಂದೆ. ಉದ್ದಿನಬೇಳೆ, ಎಳ್ಳು, ತುಪ್ಪದ ಬಾಟಲಿ ನನ್ನ ಬಟ್ಟೆಯ ನಡುವೆ. ತುಪ್ಪ ಸೋರಿದರೆ ನಾನೂ ಪ್ರಸಾದವೇ.

ಏಪ್ರಿಲ್ 19, ಶನಿವಾರ. ಲೆಸ್ವೋಸ್

ಸೋರಲಿಲ್ಲ.

ಹೋಟೆಲ್ ಸಣ್ಣದು, ಸಮುದ್ರದ ಪಕ್ಕ. ರೂಮಿನಲ್ಲೇ ಎರಡು ಒಲೆಯ ಅಡುಗೆಕಟ್ಟೆ ಇದೆ, ದೇವರು ದೊಡ್ಡವನು. ಹಿಂದೆ ಕಲ್ಲಿನ ಗಿಡ್ಡ ಗೋಡೆ, ಅದರಾಚೆ ಉಪ್ಪಿನ ಆಗರ, ಅಲ್ಲಿ ಗುಲಾಬಿ ಬಣ್ಣದ ರಾಜಹಂಸಗಳ ಹಿಂಡು. ಒಡತಿ ಮಿರ್ಸಿನಿ, ಎಪ್ಪತ್ತರ ಹತ್ತಿರದ ವಿಧವೆ, ಮೈಪೂರ್ತಿ ಕಪ್ಪು ಬಟ್ಟೆ. ಅವಳ ಸುತ್ತ ಏಳೆಂಟು ಬೆಕ್ಕು. ಆ ಬೆಕ್ಕುಗಳು ನನಗೆ ಸರಿಬರಲಿಲ್ಲ.

ಗುಂಪಿನಲ್ಲಿ ಹನ್ನೊಂದು ಜನ. ಎಲ್ಲ ನಮ್ಮ ಕ್ರೋಯ್ಡನ್, ಬ್ರಾಮ್ಲಿ ಕಡೆಯವರೇ, ಎಲ್ಲರ ಬಟ್ಟೆಯೂ ಕೆಸರಿನ ಬಣ್ಣ. ನಾನು ಗುಲಾಬಿ ಕಾರ್ಡಿಗನ್. ಮುಂದಾಳು ನೈಜೆಲ್, ಟ್ರಾಮ್ ಓಡಿಸಿ ನಿವೃತ್ತನಾದವನು. ಹಕ್ಕಿಗಳ ಕಣ್ಣಿಗೆ ಹೊಡೆಯದ ಬಣ್ಣ ಒಳ್ಳೆಯದು ಎಂದು ಮೆಲ್ಲಗೆ ಹೇಳಿದ. ಅಲ್ಲಿ ನಿಂತಿರುವ ರಾಜಹಂಸಕ್ಕೂ ಅದನ್ನೇ ಹೇಳಿ ಎಂದೆ. ನನ್ನ ದನಿ ಕೇಳಿದ್ದೇ ತಡ, ಆಸಾಮಿ ಬಿಳಿಚಿಕೊಂಡ. ನಮ್ಮ ಸರ್ಜರಿಯ ಪೇಷಂಟ್! ಮೂರು ಸಲ ಎಂಟು ಗಂಟೆಗೆ ಫೋನ್ ಮಾಡಿಸಿದ್ದೆನಂತೆ.

ರಾತ್ರಿ ಊಟವಾದ ಮೇಲೆ "ಲಾಗ್" ಎಂಬ ಪೂಜೆ. ನೈಜೆಲ್ ಪಟ್ಟಿ ಹಿಡಿದು ಒಂದೊಂದು ಹಕ್ಕಿಯ ಹೆಸರು ಕೂಗುತ್ತಾನೆ, ನೋಡಿದವರು "ಯೆಸ್" ಎನ್ನಬೇಕು. ಸಹಸ್ರನಾಮ ಕೇಳಿದ ಹಾಗೇ ಇತ್ತು, ನನಗೂ ತೂಕಡಿಕೆ ಬಂತು. ಕೊನೆಗೆ, ಕಾಗೆ-ಗುಬ್ಬಿ ಎಲ್ಲ ಇದ್ದೇ ಇರುತ್ತವೆ, ಬಿಡಿ ಎಂದು ಹಾಳೆ ಮಗುಚಿದ.

ಎಚ್ಚರವಾಯಿತು. "ಕಾಗೆ ಯಾರಾದರೂ ನೋಡಿದಿರಾ? ಎಲ್ಲಿ? ಎಷ್ಟು?"

ಹನ್ನೊಂದು ಜನರಲ್ಲಿ ಒಬ್ಬರೂ ನೋಡಿಲ್ಲ. ನೋಡಿದ್ದರೂ ಒಪ್ಪಿಕೊಳ್ಳಲು ನಾಚಿಕೆ.

ಏಪ್ರಿಲ್ 20, ಭಾನುವಾರ

ಇವತ್ತು ಇಲ್ಲಿಯೂ ಈಸ್ಟರ್. ಊರೆಲ್ಲ ಗಂಟೆ. ಮಿರ್ಸಿನಿ ಎಲ್ಲರಿಗೂ ಕೆಂಪು ಬಣ್ಣದ ಮೊಟ್ಟೆ ಕೊಟ್ಟಳು. ನಾನು ತೆಗೆದುಕೊಂಡು ಇವರ ಜೇಬಿಗೆ ಹಾಕಿದೆ. ಇವರು ಅದರ ಮೇಲೆ ಕೂತರು.

ಬೆಳಿಗ್ಗೆ ಪೈನ್ ತೋಪಿಗೆ. ಕ್ರೂಪರ್ಸ್ ನಟ್‌ಹ್ಯಾಚ್ ಎಂಬ ಹೆಬ್ಬೆರಳುದ್ದದ ಹಕ್ಕಿಗಾಗಿ ಎರಡು ಗಂಟೆ ಕತ್ತೆತ್ತಿ ನಿಂತೆವು. ಕೊನೆಗೂ ಏನೋ ಮಿಣಕ್ಕೆಂದಿತು. ಇವರ ಕಣ್ಣಲ್ಲಿ ನೀರು. ಬೃಂದಾ ಹುಟ್ಟಿದಾಗ ಪಾರ್ಕಿಂಗ್ ಹುಡುಕುತ್ತಿದ್ದ ಮನುಷ್ಯ! ಆದರೂ ಬೈಯಲು ಮನಸ್ಸಾಗದೆ ನನ್ನ ಕರವಸ್ತ್ರ ಕೊಟ್ಟೆ. ಕೆಲಸ ಹೋದ ಮೇಲೆ ಆ ಮುಖದಲ್ಲಿ ಬೆಳಕು ನೋಡಿಯೇ ಇರಲಿಲ್ಲ.

ಹಕ್ಕಿ ನೋಡಿದ್ದನ್ನು ತಕ್ಷಣ ಫೋನಿನಲ್ಲಿ ಹಾಕಿದರು. ದ್ವೀಪದಲ್ಲಿರುವ ಹಕ್ಕಿ ಹುಚ್ಚರಿಗೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್. ಯಾರು ಏನು ಕಂಡರೂ ಅಲ್ಲಿ ಬರೆಯಬೇಕು, ಬರೆದದ್ದೇ ತಡ, ಕಾರು ಹತ್ತಿ ಎಲ್ಲರೂ ಅಲ್ಲಿಗೆ ಓಡುತ್ತಾರೆ. ನನ್ನನ್ನೂ ಸೇರಿಸಿದ್ದಾರೆ.

ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿದೆ. ಬ್ರಾಮ್ಲಿಯ ಹಿಲರಿ, ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ನನ್ನ ಪುಳಿಯೋಗರೆಯನ್ನು ಟೆಲಿಸ್ಕೋಪಿನಲ್ಲಿ ನೋಡುವಂತೆ ನೋಡಿದರು. ನನಗೆ ತುತ್ತು ಇಳಿಯಲಿಲ್ಲ. ಈ ಸ್ವಭಾವ ಅಮ್ಮನದೇ. ಎಲ್ಲರ ಊಟವಾದ ಮೇಲೆ ಒಲೆಯ ಮೂಲೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಕೈ ನಿಲ್ಲಿಸಿಬಿಡುವಳು. "ಆಚೆ ಹೋಗ್ರೇ, ನಾನೇನು ಪ್ರದರ್ಶನದ ಗೊಂಬೆನಾ?"

ಆಮೇಲೆ ಹಿಲರಿಗೆ ಒಂದು ಡಬ್ಬಿ ಕೊಟ್ಟೆ. ಪಾಪ, ಹಸಿವಾಗಿತ್ತು ಅವರಿಗೆ.

ಏಪ್ರಿಲ್ 21, ಸೋಮವಾರ. ಸಂಜೆ

ಗುಂಪು ಗೂಬೆ ನೋಡಲು ಹೋಗಿದೆ. ನಾಳೆಗೆ ಉದ್ದು ನೆನೆಹಾಕಬೇಕು ಎಂದು ನಾನು ಉಳಿದೆ. ಹೇಗೂ ಇರಲಿ ಎಂದು ಹಿಂದಿನ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಟ್ಟು ಟ್ರಯಲ್ ನೋಡಿದೆ. ಬೆಕ್ಕು ಬಂದು ತಿಂದಿತು. ಇನ್ನೊಂದು ಹಿಡಿ. ಇನ್ನೊಂದು ಬೆಕ್ಕು. ನಾಳೆಯ ಚಿತ್ರ ಕಣ್ಣಿಗೆ ಕಟ್ಟಿತು. ಶಿವಸ್ವಾಮಿ ಅಣ್ಣನಿಗೆ ಬೆಕ್ಕಿನ ಫೋಟೊ ಕಳಿಸುವುದೇ?

ಬೆಕ್ಕನ್ನು ಅಟ್ಟುತ್ತಿದ್ದ ನನ್ನನ್ನು ನೋಡಿ ಮಿರ್ಸಿನಿ ಬಂದಳು. ಅವಳ ಇಂಗ್ಲಿಷು ನಾಲ್ಕು ಮಾತು, ನನ್ನ ಗ್ರೀಕು ಸೊನ್ನೆ. ಅಮ್ಮ, ಸತ್ತ ದಿನ, ಅನ್ನ, ಹಕ್ಕಿ ಎಂದೆ. ಇಷ್ಟು ದಿನ ಯಾರಿಗೆ ಹೇಳಿದರೂ "ಹೌ ಇಂಟರೆಸ್ಟಿಂಗ್" ಎಂದವರೇ. ಇವಳು ನಗಲೂ ಇಲ್ಲ, ಹುಬ್ಬೇರಿಸಲೂ ಇಲ್ಲ. ಒಳಗೆ ಕರೆದುಕೊಂಡು ಹೋಗಿ ಡಬ್ಬಿಯಿಂದ ಗೋಧಿ ತೆಗೆದು ತೋರಿಸಿದಳು. ಅವರಲ್ಲಿ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ ಹಾಕಿ ಚರ್ಚಿನಲ್ಲಿ ಹಂಚುತ್ತಾರಂತೆ. "ಮೈ ಮಾಮ, ಆಲ್ಸೋ," ಎಂದಳು. ಬೆಕ್ಕುಗಳ ಕಡೆ ತಿರುಗಿ, ನಾಳೆ ಇವಕ್ಕೆ ಕೋಣೆ, ಬೀಗ ಎಂದು ಕೈಸನ್ನೆ ಮಾಡಿದಳು. ಅಳು ಬಂದುಬಿಟ್ಟಿತು ನನಗೆ.

ಹೊರಗೆ ಬಂದರೆ ಗೋಡೆಯ ಮೇಲೆ ಕಾಗೆ! ಒಂದಲ್ಲ, ಎರಡು. ಉಳಿದಿದ್ದ ಅಗುಳು ಹೆಕ್ಕುತ್ತಿವೆ. ಹತ್ತಿರ ಹೋದೆ, ಕಣ್ಣನ್ನು ನಂಬಲಾಗಲಿಲ್ಲ. ತಲೆ ಕಪ್ಪು, ಕತ್ತು ಬೂದಿ. ನಮ್ಮೂರ ಕಾಗೆ! ಕ್ರೋಯ್ಡನ್ ಕಾಗೆ ಕೊಕ್ಕಿನಿಂದ ಬಾಲದವರೆಗೆ ಬರೀ ಮಸಿ. ಅದಕ್ಕೆ ಎಷ್ಟು ಎಡೆ ಇಟ್ಟರೂ ನಮ್ಮದು ಅನ್ನಿಸಿದ್ದಿಲ್ಲ. ಇದು ಮೈಸೂರಿನ ಮನೆಯ ಬಾವಿಕಟ್ಟೆಯ ಮೇಲೆ ಕೂತು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ ಅದೇ ಜಾತಿ.

ಬೃಂದಾಗೆ ಫೋನ್. "ನಮ್ಮೂರ ಕಾಗೆಗೆ ಇಂಗ್ಲಿಷಲ್ಲಿ ಏನಂತಾರೆ?"

"ಕ್ರೋ."

"ಪೂರ್ತಿ ಹೆಸರು ಹೇಳೇ."

ಹುಡುಕಿ ಹೇಳಿದಳು. "ಹೌಸ್ ಕ್ರೋ. ವೈ?"

ಬಂದಾಗಿನಿಂದ ಎಲ್ಲರೂ ಏನೇನೋ ಹಾಕುತ್ತಿದ್ದಾರೆ, ನಾನೊಬ್ಬಳು ಏನೂ ಹಾಕಿಲ್ಲ. ಅದೂ ಇರಲಿ ಎಂದು ದ್ವೀಪದ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಹೌಸ್ ಕ್ರೋ, ಎರಡು. ಮಿರ್ಸಿನಿ ಹೋಟೆಲಿನ ಹಿಂದಿನ ಗೋಡೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಅನ್ನಕ್ಕೆ ಬರುತ್ತವೆ.

ಬರೆದ ಮರುಕ್ಷಣ ಫೋನ್ ಟಿಂಗ್ ಟಿಂಗ್ ಎನ್ನತೊಡಗಿತು. ಮೆಚ್ಚಿಕೊಂಡಿದ್ದಾರೆ. ಸೈಲೆಂಟ್ ಮಾಡಿ ಚಾರ್ಜಿಗೆ ಹಾಕಿದೆ. ನಾಳೆ ಬೇಗ ಏಳಬೇಕು.

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ 10

ತಲೆಗೆ ಸ್ನಾನ. ಅನ್ನ, ತೊವ್ವೆ, ಹಾಗಲಕಾಯಿ ಗೊಜ್ಜು, ಗಸಗಸೆ ಪಾಯಸ. ವಡೆಗೆ ರುಬ್ಬಿದ್ದು ಮಿರ್ಸಿನಿಯ ಮಿಕ್ಸಿಯಲ್ಲಿ. ಅದರಲ್ಲಿ ಮೊದಲು ಏನೇನು ರುಬ್ಬಿದ್ದಾರೋ ಕೇಳಲಿಲ್ಲ. ಅಮ್ಮಾ, ನೀನೂ ಕೇಳಬೇಡ.

ಹೊರಗೆ ಕಾರುಗಳ ಸದ್ದು. ಒಂದರ ಹಿಂದೊಂದು. ಹಬ್ಬಕ್ಕೆ ಬಂದ ಯಾರೋ ನೆಂಟರಿರಬೇಕು.

ಇವರು ಬಾತ್‌ರೂಮಿನಿಂದ ಟವೆಲ್‌ನಲ್ಲೇ ಓಡಿ ಬಂದರು, ಕೈಯಲ್ಲಿ ಫೋನ್. "ಕಲ್ಯಾಣಿ! ಏನ್ ಮಾಡಿದೀಯ ನೀನು?"

ರಾತ್ರಿ

ನಡೆದದ್ದನ್ನೆಲ್ಲ ಸರಿಯಾಗಿ ಬರೆದಿಡಬೇಕು.

ಹೌಸ್ ಕ್ರೋ ಈ ದ್ವೀಪದಲ್ಲಿ ಈವರೆಗೆ ಯಾರೂ ಕಂಡದ್ದಿಲ್ಲವಂತೆ. ನಮ್ಮ ಇಂಡಿಯಾದ ಹಕ್ಕಿ, ಇಲ್ಲಿ ಅಪರೂಪಕ್ಕಿಂತ ಅಪರೂಪ. ಬಾಗಿಲು ತೆಗೆದರೆ ಹಿತ್ತಿಲ ಗೋಡೆಯ ಈಚೆ ಸಾಲಾಗಿ ಮೂವತ್ತು ಟೆಲಿಸ್ಕೋಪು. ಡಚ್ಚರು, ಜರ್ಮನ್ನರು, ಸ್ವೀಡನ್ನಿನ ಗಂಡಹೆಂಡಿರು, ನಮ್ಮ ಗುಂಪು ಪೂರ್ತಿ. ಒಬ್ಬ ದ್ವೀಪದ ಆ ತುದಿಯಿಂದ ತಿಂಡಿಯನ್ನೂ ತಿನ್ನದೆ ಬಂದಿದ್ದ. ನಾನು ಒದ್ದೆ ಸೀರೆ, ಒದ್ದೆ ಕೂದಲು, ಕೈಯಲ್ಲಿ ಬಾಳೆ ಎಲೆ.

ನೈಜೆಲ್ ಹತ್ತಿರ ಬಂದು ಪಿಸುಗುಟ್ಟಿದ. "ಆರ್ ಯೂ ಅಬ್ಸಲ್ಯೂಟ್ಲಿ ಶೂರ್, ಕಲ್ಯಾಣಿ?"

"ಹುಟ್ಟಿದಾಗಿನಿಂದ ನೋಡಿದೀನಿ," ಎಂದೆ.

ಅಷ್ಟಕ್ಕೇ ಎಲ್ಲರಿಗೂ ನಂಬಿಕೆ ಬಂತು. ಇದು ನಮ್ಮಮ್ಮನ ತಿಥಿ, ದಯವಿಟ್ಟು ಹೋಗಿ ಎಂದು ಬಿಡಿಸಿ ಹೇಳಿದೆ. ಎಲ್ಲರೂ ಟೋಪಿ ತೆಗೆದರು. ಒಬ್ಬರೂ ಕದಲಲಿಲ್ಲ.

ಎಡೆ ಇಟ್ಟೆ. ಎಳ್ಳು ಬಿಟ್ಟೆ, ನೀರು ಬಿಟ್ಟೆ. "ಕಾ... ಕಾ..." ಎಂದು ಕೂಗಿದೆ. ನನ್ನ ಹಿಂದೆ ಯಾರೋ ಅದನ್ನು ರೆಕಾರ್ಡ್ ಮಾಡಿಕೊಂಡರು.

ಕಾಗೆ ಬಂತು. ದೂರದ ಕರೆಂಟ್ ಕಂಬದ ಮೇಲೆ, ಬಿಸಿಲಿಗೆ ಎದುರಾಗಿ, ಬರೀ ಕಪ್ಪು ನೆರಳಿನಂತೆ ಕೂತಿತು. ಅಲ್ಲೇ ಕೂತಿತು. ಎಡೆಯ ಕಡೆ ನೋಡುವುದು, ಟೆಲಿಸ್ಕೋಪುಗಳ ಕಡೆ ನೋಡುವುದು, ತಲೆ ಕೊಂಕಿಸುವುದು. ಇಳಿಯಲಿಲ್ಲ.

ಕಾಯುತ್ತ ಕಾಯುತ್ತ ಅವರಲ್ಲಿ ಚರ್ಚೆ ಶುರು. ಈ ಹಕ್ಕಿ ಹಡಗಿನಲ್ಲಿ ಕೂತು ಬಂದಿದ್ದರೆ ಲೆಕ್ಕಕ್ಕಿಲ್ಲವಂತೆ. ತಾನೇ ರೆಕ್ಕೆ ಬಡಿದು ಬಂದಿದ್ದರೆ ಮಾತ್ರ ಲಿಸ್ಟಿಗೆ ಸೇರುವುದು. ಹಡಗಿನಲ್ಲಿ ಬಂದದ್ದು ತಲೆಮಾರುಗಟ್ಟಲೆ ಇಲ್ಲೇ ಸಂಸಾರ ಹೂಡಿದರೆ ಆಗ ನೋಡಬಹುದು ಎಂದ ಜರ್ಮನ್. "ನಮ್ಮ ವೀಸಾ ರೂಲ್ಸೇ ಕಣೇ," ಎಂದು ಇವರು ಕಿವಿಯಲ್ಲಿ ಹೇಳಿದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಬಿಸಿಲು ನೆತ್ತಿಗೆ ಬಂತು. ಬೆಳಿಗ್ಗೆಯಿಂದ ಒಂದು ಗುಟುಕು ಕಾಫಿಯಿಲ್ಲ. ಪಾಯಸದ ಮೇಲೆ ಕೆನೆ ಕಟ್ಟಿತು. ಕಾಗೆ ಕಂಬದಿಂದ ಇಳಿಯಲೊಲ್ಲದು. ಶಿವಸ್ವಾಮಿ ಅಣ್ಣ ಹೇಳಿದ್ದೇ ಸರಿಯಿರಬಹುದಾ ಎನ್ನಿಸಿತು. ಮಗನಿಲ್ಲದ ತಾಯಿ, ಮಂತ್ರವಿಲ್ಲದ ಎಡೆ, ಯಾರದೋ ಮಿಕ್ಸಿಯ ವಡೆ. ಫೋಟೊ ಹಾಳಾಗಲಿ. ಅಮ್ಮ ಬಂದು ಉಣ್ಣದೆ ಹೋದರೆ ನಾನು ಹೇಗಿರಲಿ? "ಏನು ತಪ್ಪಾಯ್ತು ಹೇಳೇ ಅಮ್ಮಾ," ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಇವರು ನನ್ನ ಹೆಗಲ ಮೇಲೆ ಕೈಯಿಟ್ಟರು.

ಕಾಗೆ ಮತ್ತೆ ಟೆಲಿಸ್ಕೋಪಿನ ಸಾಲನ್ನು ನೋಡಿತು. ಮುಖ ತಿರುಗಿಸಿತು.

ಆಗ ಹೊಳೆಯಿತು. ಒಲೆಯ ಮೂಲೆ. ಬಾಗಿಲಿಗೆ ಬೆನ್ನು. ಯಾರಾದರೂ ನೋಡುತ್ತಿದ್ದರೆ ಅಮ್ಮ ಯಾವತ್ತು ಉಂಡಿದ್ದಾಳೆ?

ತಿರುಗಿ ನಿಂತೆ. ಸೆರಗು ಸಿಕ್ಕಿಸಿದೆ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಸರ್ಜರಿಯಲ್ಲಿ ಬರುವ ದನಿ ತಾನಾಗಿಯೇ ಬಂತು. "ಎಲ್ಲರೂ ಹಿಂದೆ ತಿರುಗಿ. ಈಗಲೇ. ನಾನು ಹೇಳುವವರೆಗೆ ಒಬ್ಬರೂ ಈ ಕಡೆ ನೋಡಕೂಡದು. ಥ್ಯಾಂಕ್ ಯೂ."

ಮೊದಲು ತಿರುಗಿದವನು ನೈಜೆಲ್. ಅವನಿಗೆ ಅಭ್ಯಾಸವಿದೆ. ಹಿಲರಿ ತಿರುಗಿದರು, ಪಕ್ಕದವರನ್ನೂ ಮಕ್ಕಳನ್ನು ತಿರುಗಿಸುವಂತೆ ಭುಜ ಹಿಡಿದು ತಿರುಗಿಸಿದರು. ಜರ್ಮನ್ ಏನೋ ಅನ್ನಲು ಬಾಯಿ ತೆಗೆದ. ಹಿಲರಿ ನೋಡಿದರು. ಬಾಯಿ ಮುಚ್ಚಿದ. ಸಾವಿರಾರು ಮೈಲಿಯಿಂದ ಹಕ್ಕಿ ನೋಡಲೆಂದೇ ಬಂದ ಮೂವತ್ತು ಜನ ಹಕ್ಕಿಗೆ ಬೆನ್ನು ಹಾಕಿ ಹೋಟೆಲಿನ ಸುಣ್ಣದ ಗೋಡೆ ನೋಡುತ್ತ ನಿಂತರು. ನಾನೂ ಬೆನ್ನು ಹಾಕಿದೆ. ಅಡುಗೆಮನೆಯ ಕಿಟಕಿಯಲ್ಲಿ ಮಿರ್ಸಿನಿ ಕೂಡ ತಿರುಗಿ ನಿಂತದ್ದು ಕಂಡಿತು.

ಸದ್ದಿಲ್ಲ. ಒಳಗೆಲ್ಲೋ ಬೆಕ್ಕುಗಳ ಕೂಗು.

ಆಮೇಲೆ ರೆಕ್ಕೆಯ ಸದ್ದು. ಕಲ್ಲಿನ ಮೇಲೆ ಉಗುರು. ಬಾಳೆ ಎಲೆ ಪರಪರ ಎಂದಿತು. ನಿಂತಿತು. ಮತ್ತೆ ಪರಪರ. ನಿಧಾನವಾಗಿ, ಹೊಟ್ಟೆ ತುಂಬ. ಕೇಳುತ್ತ ನಿಂತವಳಿಗೆ ಕಣ್ಣೀರು ಧಾರೆ. ಇವರಿಗೂ.

ರೆಕ್ಕೆ ಬಡಿದ ಸದ್ದಾದಾಗ "ಈಗ" ಎಂದೆ. ಎಲ್ಲರೂ ಗಕ್ಕನೆ ತಿರುಗಿದರು. ಕಾಗೆ ಬಾಯಲ್ಲಿ ವಡೆ ಕಚ್ಚಿಕೊಂಡು ಉಪ್ಪಿನ ಆಗರದ ಮೇಲೆ ತಗ್ಗಾಗಿ ಹಾರುತ್ತಿತ್ತು. ಬೆನ್ನು, ಹೊಟ್ಟೆ, ಎಲ್ಲ ಬೂದಿ.

"ಹೂಡೆಡ್ ಕ್ರೋ," ಎಂದ ನೈಜೆಲ್, ಸತ್ತ ದನಿಯಲ್ಲಿ.

ಇಲ್ಲಿಯ ಮಾಮೂಲಿ ಕಾಗೆಯಂತೆ. ಊರ ತುಂಬ ಇದೆಯಂತೆ. ನಮ್ಮದಕ್ಕೆ ಕತ್ತಷ್ಟೇ ಬೂದಿ, ಇದಕ್ಕೆ ಮೈಯೆಲ್ಲ ಬೂದಿ. ಹತ್ತಿರದಿಂದ ನೋಡಿಯೂ ಮೋಸ ಹೋಗಿದ್ದೆ. ಯಾರೂ ಕ್ಯಾಮೆರಾ ಎತ್ತಲಿಲ್ಲ. ನನ್ನ ಫೋನ್ ಒಳಗೆ ಚಾರ್ಜಿನಲ್ಲಿತ್ತು. ಇವರ ಕ್ಯಾಮೆರಾಕ್ಕೆ ಕ್ಯಾಪ್ ಹಾಕಿತ್ತು. ಮೊಳದುದ್ದದ ಮೂವತ್ತು ಲೆನ್ಸು, ಒಂದೇ ಒಂದು ಫೋಟೊ ಇಲ್ಲ!

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಬಂದವರನ್ನು ಹಾಗೇ ಕಳಿಸುವುದಾದರೂ ಹೇಗೆ, ತಿಥಿಯ ಮನೆಯಿಂದ? ಉಳಿದ ಹಿಟ್ಟನ್ನೆಲ್ಲ ವಡೆ ಮಾಡಿ ಹಂಚಿದೆ. ಜರ್ಮನ್ ಮೂರು ತಿಂದ.

ರಾತ್ರಿ ಲಾಗ್‌ನಲ್ಲಿ ನೈಜೆಲ್ ಮೊದಲ ಸಲ ಆ ಹಾಳೆ ಮಗುಚದೆ ನಿಂತ. "ಹೂಡೆಡ್ ಕ್ರೋ." ಮೇಜಿನ ಸುತ್ತ ಹನ್ನೊಂದು ಜನರೂ ಒಟ್ಟಿಗೇ "ಯೆಸ್" ಎಂದರು. ತಿನ್ನುವುದನ್ನು ಕಣ್ಣಲ್ಲಿ ನೋಡಿಲ್ಲ, ಕಿವಿಯಲ್ಲಿ ಕೇಳಿದ್ದು ಎಂದರು ಹಿಲರಿ. ಕೇಳಿದ್ದೂ ಲೆಕ್ಕಕ್ಕೆ ಬರುತ್ತದಂತೆ, ಅದು ಇವರ ನಿಯಮ.

ಫ್ಯಾಮಿಲಿ ಗ್ರೂಪಿನಲ್ಲಿ ಮಧ್ಯಾಹ್ನವೇ ಶಿವಸ್ವಾಮಿ ಅಣ್ಣನ ಮೆಸೇಜು. "ಕಾಗೆ ಮುಟ್ಟಿತಾ? ಫೋಟೊ ಹಾಕು."

"ಮುಟ್ಟಿತು. ಫೋಟೊ ಇಲ್ಲ," ಎಂದು ಬರೆದೆ. ಇನ್ನೇನು ಬರೆಯಲಿ?

ನೋಡಿದ್ದಾನೆ. ಕೈಮುಗಿದ ಚಿತ್ರ ಬಂದಿಲ್ಲ.

ಏಪ್ರಿಲ್ 23, ಬುಧವಾರ

ಉತ್ತರವಿಲ್ಲ. ಶ್ರೀವಿದ್ಯಾ, ಅಣ್ಣನ ಹೆಂಡತಿ, ಹೆಬ್ಬೆರಳು ಎತ್ತಿದ್ದಾಳೆ. ಅದು ಅವಳು ಎಲ್ಲದಕ್ಕೂ ಎತ್ತುತ್ತಾಳೆ.

ಇವತ್ತೇನೋ ಹಕ್ಕಿಗಳು. ಬರೆಯಲು ಮನಸ್ಸಿಲ್ಲ.

ಏಪ್ರಿಲ್ 27, ಭಾನುವಾರ. ಕ್ರೋಯ್ಡನ್

ನಿನ್ನೆ ಬಂದೆವು. ಹೊರಡುವಾಗ ಮಿರ್ಸಿನಿ ಒಂದು ಡಬ್ಬಿ ಸಕ್ಕರೆ ಗೋಧಿ ಕೊಟ್ಟಳು, ನಾನು ರೈಸ್ ಕುಕ್ಕರ್ ಅವಳಿಗೇ ಬಿಟ್ಟು ಬಂದೆ. ಇವರ ಟ್ರೈಪಾಡ್ ಸೂಟ್‌ಕೇಸಿನಲ್ಲಿ ಆರಾಮಾಗಿ ಕೂತು ಬಂತು.

ಮೂರು ವಾಷಿಂಗ್ ಮೆಷಿನ್ ಬಟ್ಟೆ. ಎರಡನೆಯದು ಹಾಕುವಾಗ ಫೋನ್. ಶಿವಸ್ವಾಮಿ ಅಣ್ಣ. ಗ್ರೂಪಿನಲ್ಲಲ್ಲ, ನೇರ ಫೋನು. ಜಗಳಕ್ಕೆ ಸಿದ್ಧವಾಗಿಯೇ ಎತ್ತಿದೆ.

"ಕಲ್ಯಾಣಿ, ನಿಜ ಹೇಳು. ಅಲ್ಲಿ ಕಾಗೆ ಬಂತಾ?"

"ಬಂತು ಅಂದ್ನಲ್ಲ ಅಣ್ಣ. ಫೋಟೊ ಯಾಕಿಲ್ಲ ಅಂದ್ರೆ..."

"ಫೋಟೊ ಹಾಳಾಗ್ಲಿ ಬಿಡೇ. ಹೊಟ್ಟೆ ತುಂಬ ತಿಂತಾ?"

ದನಿ ಬೇರೆ ಇತ್ತು. ಸೋಪಿನ ಡಬ್ಬಿ ಕೆಳಗಿಟ್ಟೆ.

"ತಿಂತು. ಹಾಗಲಕಾಯಿ ಗೊಜ್ಜು ಸಮೇತ. ವಡೆ ಕಚ್ಕೊಂಡು ಹೋಯ್ತು. ಮೂವತ್ತು ಜನ ಸಾಕ್ಷಿ. ಯಾಕೆ?"

ಅವನು ಫೋನ್ ಹಿಡಿದು ಮನೆಯ ಹೊರಗೆ ಬಂದನೇನೋ. ಮೈಸೂರಿನ ಸ್ಕೂಟರುಗಳ ಸದ್ದು ಜೋರಾಯಿತು.

"ನಾನೂ ಇಡ್ತೀನಿ ಕಣೇ, ಚಿಕ್ಕಮ್ಮಂಗೆ. ಪ್ರತಿವರ್ಷ. ಹೇಳಿದ್ರೆ ನೀನು ಮೈಮೇಲೆ ಬರ್ತೀಯ ಅಂತ ಹೇಳಿರ್ಲಿಲ್ಲ. ಈ ಸಲ ಒಂದು ಕಾಗೇನೂ ಬರ್ಲಿಲ್ಲ. ಬಿಸಿಲಲ್ಲಿ ಎರಡು ಗಂಟೆವರೆಗೂ ತಾರಸಿ ಮೇಲೆ ನಿಂತಿದ್ದೆ. ಕೊನೆಗೆ ಹಸುಗೆ ಕೊಟ್ಟೆ. ಐದು ದಿನದಿಂದ ನಿದ್ದೆ ಇಲ್ಲ ನಂಗೆ, ಚಿಕ್ಕಮ್ಮಂಗೆ ಏನು ಬೇಜಾರಾಯ್ತೋ ಅಂತ..."

ಇಷ್ಟು ವರ್ಷ ನಾನು ಫೋಟೊ ಎಸೆಯುತ್ತಿದ್ದೆ, ಆ ಮನುಷ್ಯ ಕೈಮುಗಿಯುತ್ತಿದ್ದ. ಅದು ನನ್ನ ಬಾಯಿ ಮುಚ್ಚಿಸಲು ಎಂದುಕೊಂಡಿದ್ದೆ.

ಅವನೇ ಮುಂದುವರಿಸಿದ. "ಈಗ ಗೊತ್ತಾಯ್ತು ಬಿಡು. ಆವತ್ತು ಅವಳು ಅಲ್ಲಿಗೆ ಬಂದಿದ್ಲು. ಇಲ್ಲೆಲ್ಲಿ ಬರ್ತಾಳೆ?"

"ಅಷ್ಟು ದೂರ ಅಣ್ಣ, ಗ್ರೀಸಿಗೆ."

"ಮೇಲುಕೋಟೆ ದಾಟಿ ಹೋದವಳಲ್ಲ ಪಾಪ ಚಿಕ್ಕಮ್ಮ. ಒಂದ್ಸಲ ಸಮುದ್ರ ನೋಡ್ಲಿ ಬಿಡು. ಊಟ ಮಾಡ್ದೇನು?"

ಮಾಡಿರಲಿಲ್ಲ. ಅವನೂ ಮಾಡಿರಲಿಲ್ಲ, ಅಲ್ಲಿ ಆಗಲೇ ಮೂರು ಗಂಟೆ. ಇಬ್ಬರೂ ಫೋನ್ ಹಿಡಿದು ಅತ್ತೆವು, ವಾಷಿಂಗ್ ಮೆಷಿನ್ ಮುಗಿಯಿತೆಂದು ಪೀಪೀ ಊದುವವರೆಗೆ.

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 6

ಯಜಮಾನರು ಐದಕ್ಕೇ ಎದ್ದು ಕಿಟಕಿಯಲ್ಲಿದ್ದರು. ಇವತ್ತು ನಾನೂ ಎದ್ದೆ. ಬೇಲಿಯ ಮೇಲೆ ನಮ್ಮ ಮಸಿ ಕಾಗೆಗಳು ಎರಡೂ ಕೂತಿವೆ. ನವಮಿಗೆ ಮನೆಯಲ್ಲಿ ಯಾರೂ ಇರಲಿಲ್ಲವೆಂದು ಮುಖ ಊದಿಸಿಕೊಂಡಿವೆ. ಮಿರ್ಸಿನಿಯ ಗೋಧಿ, ನಿನ್ನೆಯ ಅನ್ನ ಒಂದು ಹಿಡಿ, ಗೋಡೆಯ ಮೇಲಿಟ್ಟು ಬಂದೆ.

"ತಿರುಗ್ರೀ," ಎಂದೆ ಇವರಿಗೆ. ಏಕೆ ಎಂದು ಕೇಳಲಿಲ್ಲ. ಬೈನಾಕ್ಯುಲರ್ ಕೆಳಗಿಟ್ಟು ತಿರುಗಿದರು. ಈಗ ಇಬ್ಬರೂ ಕಿಟಕಿಗೆ ಬೆನ್ನು ಹಾಕಿ ಕೂತಿದ್ದೇವೆ, ಇವರು ಕಾಫಿ ಕುಡಿಯುತ್ತ, ನಾನು ಇದನ್ನು ಬರೆಯುತ್ತ. ಎಂಟಕ್ಕೆ ಫೋನುಗಳು ಶುರುವಾಗುತ್ತವೆ. ಹಿಂದೆ ರೆಕ್ಕೆಯ ಸದ್ದು. ಒಂದು... ಅಲ್ಲ, ಎರಡೂ ಬಂದಂತಿದೆ. ನೋಡುವುದಿಲ್ಲ. ನಿಧಾನವಾಗಿ ತಿನ್ನಲಿ, ಅವಸರವೇನೂ ಇಲ್ಲ.